ಫಳ್ನೀರಿನ ಮಹಾರಾಜರು

ಮಿಲಾಗ್ರಿಸ್‌ನಿಂದ ಕಂಕನಾಡಿಗೆ ಹೋಗುವ ಫಳ್ನೀರ್ ರಸ್ತೆಯಲ್ಲಿ ಆಸ್ಪತ್ರೆ ಉಂಟು, ಮೆಡಿಕಲ್ ಶಾಪ್ ಉಂಟು, ಟ್ರಾವೆಲ್ ಏಜೆನ್ಸಿ ಉಂಟು. ಅರಮನೆ ಒಂದು ಇರಲಿಲ್ಲ. ಆ ಕೊರತೆಯನ್ನು ವಿಮಾನ ಕಂಪನಿಗಳು ನೀಗಿಸಿವೆ. 1971ರಲ್ಲಿ ಕೇಂದ್ರ ಸರಕಾರ ರಾಜರುಗಳ ರಾಜಧನ ನಿಲ್ಲಿಸಿತು. 1974ರ ಭೂಸುಧಾರಣೆ ಬಂದು ನಮ್ಮ ಜಿಲ್ಲೆಯ ಗುತ್ತಿನ ಮನೆಗಳ ಗದ್ದೆಗಳು ಒಕ್ಕಲುಗಳ ಹೆಸರಿಗಾದವು. ದೊಡ್ಡಸ್ತಿಕೆಗೆ ದಾರಿಯೇ ಮುಚ್ಚಿಹೋದ ಇಂಥ ಕಾಲದಲ್ಲಿ ಏರ್ ಇಂಡಿಯಾದವರು ತಮ್ಮ ಫ್ಲೈಯಿಂಗ್ ರಿಟರ್ನ್ಸ್ ಯೋಜನೆಗೆ ಮಹಾರಾಜ ಕ್ಲಬ್ ಎಂದು ಹೊಸ ಹೆಸರಿಟ್ಟು, ರೆಡ್, ಸಿಲ್ವರ್, ಗೋಲ್ಡ್, ಪ್ಲಾಟಿನಂ ಎಂಬ ಚಾತುರ್ವರ್ಣ್ಯವನ್ನು ಸ್ಥಾಪಿಸಿದ್ದಾರೆ. ಇಲ್ಲಿ ಹುಟ್ಟಿನಿಂದ ಯಾರಿಗೂ ಏನೂ ಬರುವುದಿಲ್ಲ, ಟಿಕೆಟ್ ತೆಗೆದೇ ಮೇಲೇರಬೇಕು. ಪ್ರಜಾಪ್ರಭುತ್ವಕ್ಕೆ ಇದಕ್ಕಿಂತ ಒಪ್ಪುವ ರಾಜತನ ಇನ್ನೆಲ್ಲಿ ಸಿಕ್ಕೀತು?

ನಮ್ಮ ರಸ್ತೆಯ ಫ್ಲ್ಯಾಟೊಂದರಲ್ಲಿ ಒಬ್ಬ ಗೋಲ್ಡ್ ಮಹನೀಯರಿದ್ದಾರೆ. ಇದ್ದಾರೆ ಎಂಬುದು ಗೌರವಕ್ಕೆ ಹೇಳುವ ಮಾತು, ಗೋಲ್ಡ್ ಆದವರು ಮನೆಯಲ್ಲಿರುವುದು ಅಪರೂಪ. ಎಮಿರೇಟ್ಸ್‌ನವರ ಸ್ಕೈವರ್ಡ್ಸ್‌ನಲ್ಲಿ ಸಿಲ್ವರ್‌ಗೆ 25,000, ಗೋಲ್ಡ್‌ಗೆ 50,000, ಪ್ಲಾಟಿನಂಗೆ 1,50,000 ಟಯರ್ ಮೈಲು ಬೇಕು. ಅದೂ ವರ್ಷವರ್ಷದ ಲೆಕ್ಕ. ಹಳೆಯ ಪುಣ್ಯ ಹೊಸ ವರ್ಷಕ್ಕೆ ಕೂಡುವುದಿಲ್ಲ. ಹಾಗಾಗಿ ಮಗಳ ಪ್ರಥಮ ಪರಮಪ್ರಸಾದದ ದಿನ ಅವರು ಆಕಾಶದಲ್ಲಿದ್ದರು, ಅಮ್ಮನ ಕಣ್ಣಿನ ಆಪರೇಷನ್ ದಿನವೂ ಆಕಾಶದಲ್ಲಿದ್ದರು. ಇಂಥ ಗೈರುಹಾಜರಿಗೆ ಮನೆಯವರು ಮುಖ ಊದಿಸುತ್ತಾರೆ. ಕಂಪನಿ ಹುಟ್ಟುಹಬ್ಬಕ್ಕೆ ತಪ್ಪದೆ ಇಮೇಲ್ ಕಳಿಸುತ್ತದೆ. ಪಕ್ಕದ ಮನೆಯ ಬಾಯಿ ವಿಚಾರಿಸಿದಾಗ ಅವರ ಹೆಂಡತಿ ಹೇಳಿದರಂತೆ: "ಇವರು ಗೋಲ್ಡ್ ಆಗಿದ್ದಾರೆ. ಕುತ್ತಿಗೆಗೆ ಹಾಕಲಿಕ್ಕೆ ಬರುವ ಜಾತಿಯ ಗೋಲ್ಡ್ ಅಲ್ಲವಂತೆ."

ಮಹನೀಯರ ತಪಸ್ಸಿನ ದೊಡ್ಡತನ ಅವರು ಹಿಡಿಯುವ ದಾರಿಯಲ್ಲಿ ಕಾಣುತ್ತದೆ. ಬಜ್ಪೆಯಲ್ಲಿ 1951ರ ಕ್ರಿಸ್ಮಸ್ ದಿನ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದರು. ಆದರೂ ಗಲ್ಫಿಗೆ ಹೋಗುವ ನಮ್ಮವರು ಆಮೇಲೆ ಅರ್ಧ ಶತಮಾನ ಬಸ್ಸು ಹತ್ತಿ ಮುಂಬಯಿಗೇ ಹೋಗಬೇಕಾಯಿತು. 2006ರಲ್ಲಿ 2,450 ಮೀಟರಿನ ಹೊಸ ರನ್‌ವೇ ಆಯಿತು, ಅದೇ ವರ್ಷ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಇಲ್ಲಿಂದಲೇ ದುಬೈಗೆ ಹಾರಿತು. ನಾಲ್ಕು ಗಂಟೆಯೊಳಗೆ ಆಚೆ ದಡ. ಊರೆಲ್ಲ ಹಿಗ್ಗಿತು. ಸ್ಟೇಟಸ್ಸಿನ ಸಾಧಕ ಮಾತ್ರ ಇಂಥ ಸುಖಕ್ಕೆ ಮರುಳಾಗುವುದಿಲ್ಲ. ಎಮಿರೇಟ್ಸ್ ಬಜ್ಪೆಗೆ ಬರುವುದಿಲ್ಲ, ನೇರ ವಿಮಾನ ಹತ್ತಿದರೆ ಸ್ಕೈವರ್ಡ್ಸ್ ಖಾತೆಗೆ ಒಂದು ಮೈಲೂ ಬೀಳುವುದಿಲ್ಲ. ಆದ್ದರಿಂದ ರಾತ್ರಿ ಸ್ಲೀಪರ್ ಬಸ್ಸು ಹತ್ತಿ, ಶಿರಾಡಿ ಘಾಟಿಯ ಪ್ರತಿಯೊಂದು ಹೊಂಡವನ್ನೂ ಬೆನ್ನಿನಿಂದ ಎಣಿಸಿ, ಬೆಳಗ್ಗೆ ಬೆಂಗಳೂರಿನಲ್ಲಿ ಹಲ್ಲುಜ್ಜಿ, ಅಲ್ಲಿಂದ ದೇವನಹಳ್ಳಿ ಸೇರಿ ದುಬೈ ವಿಮಾನ ಹತ್ತುತ್ತಾರೆ. ಮಳೆಗಾಲದಲ್ಲಿ ಘಾಟಿ ಕುಸಿದರೆ ಚಾರ್ಮಾಡಿ ಸುತ್ತುತ್ತಾರೆ. ನೇರ ವಿಮಾನಕ್ಕಾಗಿ ಹಿರಿಯರು ಎಷ್ಟು ಮನವಿ ಬರೆದರು ಎಂದು ನೆನಪಿಸಿದರೆ ನಕ್ಕುಬಿಡುತ್ತಾರೆ. ಹಿರಿಯರಿಗೆ ಬೇಕಾದದ್ದು ದುಬೈ, ಇವರಿಗೆ ಬೇಕಾದದ್ದು ಮೈಲು.

ಇಷ್ಟೆಲ್ಲ ಮಾಡಿ ಸಿಗುವುದೇನು ಎಂದು ಕೇಳುವವರು ತುಳುನಾಡಿನವರಾಗಿರಲಾರರು. ದೈವದ ಕೋಲದಲ್ಲಿ ಗಂಧಪ್ರಸಾದ ಮೊದಲು ಯಾವ ಗುತ್ತಿಗೆ, ಆಮೇಲೆ ಯಾವ ಬಾರಿಕೆಗೆ ಎಂಬ ಸರದಿ ಎಷ್ಟು ಗಟ್ಟಿಯೋ, ಬೋರ್ಡಿಂಗ್ ಗೇಟಿನ ಸರದಿಯೂ ಅಷ್ಟೇ ಗಟ್ಟಿ. ಪ್ಲಾಟಿನಂ ಹೋಗುತ್ತದೆ, ಗೋಲ್ಡ್ ಹೋಗುತ್ತದೆ, ಉಳಿದವರು ನಿಂತು ನೋಡುತ್ತಾರೆ. ಆ ನೋಟದಲ್ಲೇ ಅರ್ಧ ಫಲ ಸಂದಾಯವಾಯಿತು. ದೊಡ್ಡ ನಿಲ್ದಾಣಗಳಲ್ಲಿ ಗೇಟು ದಾಟಿದ ಮೇಲೆ ಬಸ್ಸು ಇರುವುದುಂಟು. ಮೊದಲು ಹೋದ ಗೋಲ್ಡ್ ಮಹನೀಯರು ಬಸ್ಸಿನ ತೀರಾ ಒಳಗೆ ಸೇರಿ, ವಿಮಾನದ ಹತ್ತಿರ ಎಲ್ಲರಿಗಿಂತ ಕೊನೆಗೆ ಇಳಿಯುತ್ತಾರೆ. ಕೊನೆಗೆ ಹತ್ತಿ ಬಾಗಿಲಲ್ಲಿ ನೇತಾಡಿದ ರೆಡ್ ವರ್ಣದವನು ಮೊದಲು ಮೆಟ್ಟಿಲು ಹತ್ತುತ್ತಾನೆ. ಇದನ್ನು ಅವಮಾನ ಎನ್ನುವುದು ಅಲ್ಪರ ಮಾತು, ದೊಡ್ಡವರಿಗೆ ದಾರಿ ಬಿಟ್ಟುಕೊಡುವ ಗುಣ ಸಹಜವಾಗಿ ಇರುತ್ತದೆ.

ಲೌಂಜಿನ ವಿಷಯದಲ್ಲಿ ಮಾತ್ರ ಅವರ ದುಃಖ ನಿಜವಾದದ್ದು. ಐವತ್ತು ಸಾವಿರ ಮೈಲು ಹಾರಿ ಪಡೆದ ಇಡ್ಲಿವಡೆಯನ್ನು, ಬ್ಯಾಂಕಿನ ಡೆಬಿಟ್ ಕಾರ್ಡು ಉಜ್ಜಿ ಎರಡು ರೂಪಾಯಿಗೆ ಒಳಗೆ ಬಂದ ಡಿಗ್ರಿ ಹುಡುಗರು ಪಕ್ಕದ ಕುರ್ಚಿಯಲ್ಲಿ ಕೂತು ತಿನ್ನುವುದನ್ನು ನಮ್ಮ ದೇಶದ ನಿಲ್ದಾಣಗಳಲ್ಲಿ ಅವರು ಕಣ್ಣಾರೆ ಕಂಡಿದ್ದಾರೆ. ಹುಡುಗರು ಎರಡನೇ ಸಲವೂ ಚಟ್ನಿ ಹಾಕಿಸಿಕೊಂಡರಂತೆ.

ಈ ವಿದ್ಯೆ ಅಮೆರಿಕದಲ್ಲಿ ಹುಟ್ಟಿ ಬೆಳೆದದ್ದು. 1981ರ ಮೇ ಒಂದರಂದು, ಅಂದರೆ ಕಾರ್ಮಿಕರ ದಿನದಂದು, ಅಮೆರಿಕನ್ ಏರ್‌ಲೈನ್ಸ್ ತನ್ನ ಅಡ್ವಾಂಟೇಜ್ ಯೋಜನೆ ತೆರೆಯಿತು. 1999ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಡ್ ಫಿಲಿಪ್ಸ್ ಎಂಬ ಇಂಜಿನಿಯರು ಪುಡ್ಡಿಂಗ್ ಬಟ್ಟಲಿನ ಲೇಬಲ್ಲಿಗೆ ಮೈಲು ಸಿಗುತ್ತದೆಂದು ತಿಳಿದು 12,000ಕ್ಕೂ ಹೆಚ್ಚು ಬಟ್ಟಲು ಕೊಂಡರು, ವಿಮಾನ ಹತ್ತದೆಯೇ 12 ಲಕ್ಷಕ್ಕೂ ಮಿಕ್ಕಿ ಮೈಲು ಗಳಿಸಿದರು. ಪುಡ್ಡಿಂಗನ್ನು ದಾನ ಕೊಟ್ಟರು. ಇದು ಕೃತಯುಗದ ಕಥೆ. 2020ರಲ್ಲಿ ಕೊರೊನಾ ಬಂದು ವಿಮಾನಗಳು ನೆಲಕ್ಕೆ ಕೂತಾಗ ಯುನೈಟೆಡ್ ಏರ್‌ಲೈನ್ಸ್ ಕೋಟ್ಯಂತರ ಡಾಲರ್ ಸಾಲಕ್ಕೆ ಅಡವಿಟ್ಟದ್ದು ತನ್ನ ಮೈಲೇಜ್‌ಪ್ಲಸ್ ಯೋಜನೆಯನ್ನೇ. ಹಾರದ ವಿಮಾನವನ್ನು ನಂಬದ ಬ್ಯಾಂಕಿನವರು ಹಾರಲಿಕ್ಕಿರುವ ಆಸೆಯನ್ನು ನಂಬಿದರು.

ನಮ್ಮಲ್ಲೂ ಅಮರತ್ವಕ್ಕೆ ಉದಾಹರಣೆಗಳುಂಟು. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ಕ್ಕೆ ಹಾರಾಟ ನಿಲ್ಲಿಸಿತು. ಅದರ ಜೆಟ್‌ಪ್ರಿವಿಲೇಜ್ ಮಾತ್ರ ಅದೇ ವರ್ಷ ಇಂಟರ್‌ಮೈಲ್ಸ್ ಎಂಬ ಹೊಸ ಹೆಸರಿನಲ್ಲಿ ಮುಂದುವರಿಯಿತು. ವಿಮಾನ ಹೋಯಿತು, ಮೈಲು ಉಳಿಯಿತು. ಬಂಟ್ವಾಳ ಮೂಲದ ವಿಜಯ್ ಮಲ್ಯರ ಕಿಂಗ್‌ಫಿಶರ್ 2012ರ ಅಕ್ಟೋಬರಿನಲ್ಲಿ ನಿಂತಾಗ ಕಿಂಗ್ ಕ್ಲಬ್ ಸದಸ್ಯರಿಗೆ ಆ ಭಾಗ್ಯವೂ ದೊರೆಯಲಿಲ್ಲ. ನಮ್ಮ ಊರಿನವರದ್ದೇ ಎಂಬ ಅಭಿಮಾನ ಇದ್ದದ್ದರಿಂದ ನಷ್ಟ ಅಷ್ಟು ಹೊರಗಿನದೆನಿಸಲಿಲ್ಲ. ವಿಸ್ತಾರದವರು 2024ರ ನವೆಂಬರಿನಲ್ಲಿ ಏರ್ ಇಂಡಿಯಾದೊಳಗೆ ಸೇರಿದರು, ಅವರ ಸದಸ್ಯರೆಲ್ಲ ಒಂದೇ ರಾತ್ರಿಯಲ್ಲಿ ಮಹಾರಾಜರ ಪ್ರಜೆಗಳಾದರು. ಅದೇ ವರ್ಷ ಏರ್ ಇಂಡಿಯಾ ದೂರ ಅಳೆಯುವುದನ್ನು ಬಿಟ್ಟು ಟಿಕೆಟಿಗೆ ಕೊಟ್ಟ ಹಣ ಅಳೆದು ಪಾಯಿಂಟು ಕೊಡಲು ತೊಡಗಿತು. ಬಹಳ ಪ್ರಾಮಾಣಿಕ ಸುಧಾರಣೆ. ಹೋದದ್ದೆಷ್ಟು ಎಂಬ ಸುತ್ತುಬಳಸಿಲ್ಲ, ಕೊಟ್ಟದ್ದೆಷ್ಟು ಎಂಬುದೊಂದೇ ಪ್ರಶ್ನೆ. ಇಷ್ಟು ಕಾಲ ಇಂಥ ಗೋಜೇ ಬೇಡ ಎಂದಿದ್ದ ಇಂಡಿಗೋ ಕೂಡ 2024ರಲ್ಲಿ ಬ್ಲೂಚಿಪ್ ತೆರೆದು ಸನ್ಮಾರ್ಗಕ್ಕೆ ಬಂತು.

ಹೊಸದಾಗಿ ದೀಕ್ಷೆ ಪಡೆಯುವವರಿಗೆ ನಾಲ್ಕು ಮಾತು. ಸೇರಲು ಕಾಸು ಬೇಡ, ಖರ್ಚೆಲ್ಲ ಆಮೇಲೆ. ಭಕ್ತಿಯನ್ನು ಹಂಚಬಾರದು, ಮೂರು ಕಂಪನಿಗಳಲ್ಲಿ ಚೂರುಚೂರು ಮೈಲು ಇಟ್ಟವನು ಮೂರರಲ್ಲೂ ರೆಡ್. ಏರ್ ಇಂಡಿಯಾ 2014ರಿಂದ ಸ್ಟಾರ್ ಅಲಯನ್ಸ್‌ನಲ್ಲಿ ಇರುವುದರಿಂದ ಮಗಳ ಬಾಣಂತನಕ್ಕೆ ಜರ್ಮನಿಗೆ ಹೋಗುವ ಅಜ್ಜಿಯಂದಿರು ಲುಫ್ತಾನ್ಸಾದಲ್ಲಿ ಹಾರಿದ್ದನ್ನೂ ಇಲ್ಲಿಯ ಖಾತೆಗೇ ಹಾಕಿಸಬಹುದು. ಹೆಸರು ಮಾತ್ರ ಟಿಕೆಟಿನಲ್ಲಿ, ಪಾಸ್‌ಪೋರ್ಟಿನಲ್ಲಿ, ಸದಸ್ಯತ್ವದಲ್ಲಿ ಒಂದೇ ಇರಬೇಕು. ಫಳ್ನೀರಿನಲ್ಲಿ ಇದು ಸಣ್ಣ ವಿಷಯವಲ್ಲ ಮಾರಾಯ್ರೆ. ಡಿ'ಸೋಜರ ತಲೆಯ ಮೇಲಿನ ಆ ಚುಕ್ಕೆಯನ್ನು ಟಿಕೆಟಿನ ಕಂಪ್ಯೂಟರು ಒಪ್ಪುವುದಿಲ್ಲ. ಚುಕ್ಕೆ ಇರುವ ಡಿಸೋಜ, ಬಿಡಿಸಿ ಬರೆದ ಡಿಸೋಜ, ಕೂಡಿಸಿ ಬರೆದ ಡಿಸೋಜ ಎಂದು ಒಬ್ಬನೇ ಮನುಷ್ಯ ಮೂವರಾಗಿ ಹಾರಿ ಯಾರಿಗೂ ಮೈಲು ಸಿಗದೆ ಹೋಗುವುದುಂಟು. ಆದುದರಿಂದ ಬೋರ್ಡಿಂಗ್ ಪಾಸ್ ಬಿಸಾಡಬೇಡಿ. ಕಪಾಟಿನಲ್ಲಿ ಜಾಗದ ಆರ್‌ಟಿಸಿ ಇಟ್ಟ ಫೈಲಿನಲ್ಲೇ ಇಡಿ, ಮೈಲು ಬೀಳದಿದ್ದರೆ ಅರ್ಜಿ ಹಾಕಲು ಅದೇ ದಾಖಲೆ.

ಯಾರಿಗೆ ಈ ಮಾರ್ಗ ಹೇಳಿದ್ದಲ್ಲ ಎಂಬುದನ್ನೂ ತಿಳಿಸಬೇಕು. ದಮ್ಮಾಮಿನಲ್ಲೋ ಮಸ್ಕತಿನಲ್ಲೋ ದುಡಿದು ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುವವರು ದಯವಿಟ್ಟು ಆಸೆಪಡಬೇಡಿ. ಸ್ಕೈವರ್ಡ್ಸ್‌ನಲ್ಲಿ ಗಳಿಸಿದ ಮೈಲಿಗೆ ಮೂರು ವರ್ಷ ಆಯುಸ್ಸು; ನಿಮ್ಮ ಮೂರನೇ ರಜೆ ಬರುವಾಗ ಮೊದಲ ರಜೆಯದ್ದು ತೀರಿಹೋಗಿರುತ್ತದೆ. ಮೇಲಿನ ವರ್ಣಕ್ಕೆ ಸಿಗುವ ಹೆಚ್ಚುವರಿ ಬ್ಯಾಗೇಜು ನಿಮಗೇ ಅಗತ್ಯ, ನಿಜ. ಹೋಗುವಾಗ ಕುಚ್ಚಲಕ್ಕಿ, ತೆಂಗಿನೆಣ್ಣೆ, ಒಣಮೀನು, ಬರುವಾಗ ಖರ್ಜೂರ, ಹಾಲಿನ ಪುಡಿ, ಮಕ್ಕಳ ಸೈಕಲ್ಲು. ಆದರೆ ಅದು ಸಲ್ಲುವುದು ಕಂಪನಿಯ ಖರ್ಚಿನಲ್ಲಿ, ಹೆಗಲಿಗೊಂದು ಲ್ಯಾಪ್‌ಟಾಪ್ ಚೀಲ ಹಾಕಿ ತಿಂಗಳಿಗೆರಡು ಸಲ ಹಾರುವವರಿಗೆ. ಅವರು ಪಕ್ಕದ ಕೌಂಟರಿನಲ್ಲೇ ಬರಿಗೈಯಲ್ಲಿ ನಿಂತಿರುತ್ತಾರೆ. ಅವರ ಪಾಲಿನ ಕಿಲೋಗಳನ್ನು ಕೇಳಲು ಹೋಗಬೇಡಿ: ಪರಿಚಯ ಇಲ್ಲದವರ ಸಾಮಾನನ್ನು ತಮ್ಮ ಹೆಸರಿಗೆ ಹಾಕಿಸಿಕೊಳ್ಳುವಂತಿಲ್ಲ. ಮೇಲಿನ ತೂಕಕ್ಕೆ ಕಿಲೋ ಲೆಕ್ಕದಲ್ಲಿ ದುಡ್ಡು ಕಟ್ಟಬೇಕು.