ಬಣ್ಣ ಬಳಿದಷ್ಟೂ ದಪ್ಪ

ಒಡೆಯದೆ, ಕೊರೆಯದೆ ಉಕ್ಕಿನ ಒಳಗುಟ್ಟು ತಿಳಿಯುವ ಗಣಿತವನ್ನು ಸಿಂಧನೂರು ತಾಲ್ಲೂಕಿನ ದಢೇಸುಗೂರಿನಲ್ಲಿ ತುಂಗಭದ್ರೆಯ ದಂಡೆ ಮೇಲೆ ಕೂತೇ ಕಲಿಯಬಹುದು. ಉಕ್ಕಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 5,900 ಮೀಟರ್ ಓಡುತ್ತದೆ. ಆಚೆ ಬದಿ ಮುಟ್ಟಿ ವಾಪಸು ಬರಲು ಹಿಡಿದ ಹೊತ್ತನ್ನು ವೇಗದಿಂದ ಗುಣಿಸಿ, ಎರಡರಿಂದ ಭಾಗಿಸಿದರೆ ದಪ್ಪ ಸಿಕ್ಕಿತು. 12 ಮಿ.ಮೀ. ಹಾಳೆಗೆ ನಾಲ್ಕು ಮೈಕ್ರೊಸೆಕೆಂಡು. ಮೂರಕ್ಕೇ ಬಂತೆಂದರೆ 3 ಮಿ.ಮೀ. ತುಕ್ಕಿನ ಪಾಲು. ಎರಡರಿಂದ ಭಾಗಿಸುವುದನ್ನು ಮರೆತರೆ ದಪ್ಪ ಇಮ್ಮಡಿಯಾಗುತ್ತದೆ, ಎಲ್ಲರಿಗೂ ಸಂತೋಷವಾಗುತ್ತದೆ.

ಮರೆಯುವಷ್ಟು ಧೈರ್ಯವಿಲ್ಲದವರಿಗೆ ಬಣ್ಣವಿದೆ. ಬಣ್ಣದ ಪದರದಲ್ಲಿ ಸದ್ದಿನ ವೇಗ ಉಕ್ಕಿನಲ್ಲಿರುವುದರ ಅರ್ಧಕ್ಕೂ ಕಡಿಮೆ. ದಪ್ಪ ಅಳೆಯುವ ಸಾದಾ ಮಾಪಕಕ್ಕೆ ಇದು ಗೊತ್ತಾಗದು. ತಡವಾದ ಹೊತ್ತನ್ನೆಲ್ಲ ಉಕ್ಕಿನ ಖಾತೆಗೇ ಜಮಾ ಮಾಡುತ್ತದೆ. ಅರ್ಧ ಮಿ.ಮೀ. ಬಣ್ಣ ಬಳಿದರೆ ಒಂದು ಮಿ.ಮೀ.ಗೂ ಮೇಲೆ ಉಕ್ಕು ಹುಟ್ಟಿತು. ಅಣೆಕಟ್ಟೆಗೆ ಬಾಗಿನ ಅರ್ಪಿಸಲು ಮಂತ್ರಿಗಳು ಬರುವ ಮುಂಚೆ ಗೇಟು, ಕಂಬಿಗಳಿಗೆ ಬಣ್ಣ ಹೊಡೆಸುವುದನ್ನು ಅಣಕಿಸುವವರು ಇದನ್ನು ಓದಿಕೊಳ್ಳಬೇಕು.

ಕಾಂಕ್ರೀಟಿಗೆ ಪುಟಿಯುವ ಸುತ್ತಿಗೆ. ಬಡಿದಾಗ ಎಷ್ಟು ಹಿಂದಕ್ಕೆ ಪುಟಿಯಿತೆಂಬುದರಿಂದ ಗಟ್ಟಿತನ ಅಂದಾಜಿಸುವುದು. ಅಂದಾಜು ಶೇಕಡ 25 ಅತ್ತಿತ್ತ ಆಗಬಹುದೆಂದು 1992ರ ಭಾರತೀಯ ಮಾನಕ 13311ರಲ್ಲೇ ಬರೆದಿದೆ. ನಾನು ಗೋಡೆಯೊಂದನ್ನು ಬಡಿಯುತ್ತಿದ್ದಾಗ ರೈತರೊಬ್ಬರು ಬಂದರು.

“ಎಷ್ಟು ಬಂತ್ರಿ ಸರ?”

“ಇಪ್ಪತ್ತು. ಅಂದ್ರ ಹದಿನೈದೂ ಇರಬಹುದು, ಇಪ್ಪತ್ತೈದೂ ಇರಬಹುದು.”

“ನಮ್ಮ ಭತ್ತದ ದಲಾಲಿನೂ ಹಿಂಗ ಅಂತಾನ್ರಿ. ರೊಕ್ಕ ಕೊಡೂವಾಗ ಮಾತ್ರ ಹದಿನೈದ.”

ಮಾನಕಕ್ಕಿಂತ ಮುಂದಿದ್ದಾರೆ ಸಿಂಧನೂರಿನ ದಲಾಲರು.

ಇನ್ನು ಸರಪಳಿ. ತುಂಗಭದ್ರಾ ಅಣೆಕಟ್ಟೆ 1953ರದು, ಗೇಟುಗಳು 33. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಜನ ಕೂಗಾಡಿದರು, ಲೆಕ್ಕ ಹಾಕಲಿಲ್ಲ. 71 ವರ್ಷ, ದಿನಕ್ಕೊಂದು ಪರೀಕ್ಷೆ ಎಂದು ಹಿಡಿದರೂ ಸುಮಾರು 26,000 ಸಲ ಪಾಸು, ಒಂದೇ ಸಲ ಫೇಲು. ಶೇಕಡ 99.99ಕ್ಕೂ ಹೆಚ್ಚು! ನಮ್ಮ ಯಾವ ಕಾಲೇಜಿಗೆ ಇಂಥ ಫಲಿತಾಂಶವಿದೆ? ಆ ಒಂದು ಫೇಲಿನ ಅಂಕಪಟ್ಟಿ ದಢೇಸುಗೂರಿನ ಸೇತುವೆ ಕೆಳಗೇ ಹರಿದು ಹೋಯಿತು, ಎರಡೂ ದಡ ತುಂಬಿ.

ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ, ವಾರದೊಳಗೆ ಬಾಯಿ ಮುಚ್ಚಿತು. ಉಕ್ಕಿನ ಹಲಗೆಗಳನ್ನೇ ಇಳಿಸಿದರಂತೆ. ಅಷ್ಟು ಖರ್ಚು ಯಾಕೆ ಬೇಕಿತ್ತೋ. ಹೊಸ ಗೇಟು ಮಾಡುವವರಿಗೆ ನನ್ನ ಲಿಖಿತ ಶಿಫಾರಸು ಇಷ್ಟೇ: ಉಕ್ಕು ತುಟ್ಟಿ, ಬಣ್ಣ ಸೋವಿ.