ಬೇಸ್‌ಮೆಂಟ್ ಬೇಸಾಯಗಾರ

ಚಿಕಾಗೋದ ಪಶ್ಚಿಮದ ಉಪನಗರಗಳಲ್ಲಿ ಮಾರ್ಚ್ ತಿಂಗಳ ಸರಿರಾತ್ರಿ ಯಾವುದಾದರೂ ಮನೆಯ ಬೇಸ್‌ಮೆಂಟ್ ಕಿಟಕಿಯಿಂದ ನೇರಳೆ ಬೆಳಕು ಹೊರಗಿನ ಹಿಮದ ಮೇಲೆ ಚೆಲ್ಲುತ್ತಿದ್ದರೆ ಕಾರಣ ಎರಡರಲ್ಲಿ ಒಂದು. ಒಳಗೆ ಗಾಂಜಾ ಬೆಳೆಯುತ್ತಿದ್ದಾರೆ, ಇಲ್ಲವೇ ಬದನೆಕಾಯಿ. ಇಲಿನಾಯ್ ರಾಜ್ಯದಲ್ಲಿ 2020ರಿಂದ ಗಾಂಜಾ ಕೊಂಡು ಸೇದಲು ಅಡ್ಡಿಯಿಲ್ಲ. ವೈದ್ಯಕೀಯ ಪರವಾನಗಿ ಇರುವ ರೋಗಿಗಳ ಹೊರತು ಬೇರೆಯವರು ಮನೆಯಲ್ಲಿ ಬೆಳೆಯುವ ಹಾಗಿಲ್ಲ, ಅಷ್ಟೆ. ಬದನೆಕಾಯಿಗೆ ಅಂಥ ಕಾನೂನು ಯಾವುದೂ ಇಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಸಸಿ ಅಂಕಲ್ ಅವರ ಹೆಂಡತಿಗೆ ಒಮ್ಮೊಮ್ಮೆ ಅನ್ನಿಸುವುದುಂಟು.

ಸಸಿ ಅಂಕಲ್ ಎಂಬುದು ಹೆಸರಲ್ಲ, ಪದವಿ. ಕನ್ನಡ ಕೂಟವಿರುವ ಪ್ರತಿ ಊರಿನಲ್ಲೂ ಒಬ್ಬರಾದರೂ ಇದ್ದಾರೆ. ಡೆಟ್ರಾಯಿಟ್, ನ್ಯೂಜೆರ್ಸಿ ಕಡೆ ಪೈಪೋಟಿಯೂ ಉಂಟಂತೆ. ನಮ್ಮವರು ಹಗಲು ಹೊತ್ತು ಬ್ಯಾಂಕೊಂದರ ಡೇಟಾಬೇಸ್ ನೋಡಿಕೊಳ್ಳುತ್ತಾರೆ. ಊರು ಮದ್ದೂರಿನ ಹತ್ತಿರ. ಮಗ ತಮ್ಮ ಹಾಗೆ ಕೆಸರು ತುಳಿಯಬಾರದೆಂದು ಅವರ ತಂದೆ ಒಂದೆಕರೆ ಗದ್ದೆ ಮಾರಿ ಇಂಜಿನಿಯರಿಂಗ್ ಓದಿಸಿದರು. ಮಗ ಓದಿದ, ಸಮುದ್ರ ದಾಟಿದ, ಮನೆ ಕೊಂಡ. ಮನೆ ಕೊಂಡ ಮೊದಲ ಮಾರ್ಚಿನಲ್ಲೇ ಅಂಗಡಿಗೆ ಹೋಗಿ ಚೀಲದಲ್ಲಿ ಮಣ್ಣು ಕೊಂಡು ತಂದ.

ಮಣ್ಣು ಎನ್ನುವುದು ಮಾತಿಗೆ. ಬೀಜ ಮೊಳೆಸಲೆಂದೇ ಮಾರುವ ಆ ಚೀಲದಲ್ಲಿ ಮಣ್ಣಿನ ಕಣವೂ ಇರುವುದಿಲ್ಲ. ಜೌಗು ನೆಲದಿಂದ ಅಗೆದ ಪೀಟ್, ಬಿಳಿ ಹರಳಿನಂಥ ಪರ್ಲೈಟ್, ಮಿನುಗುವ ವರ್ಮಿಕ್ಯುಲೈಟ್. ಪೀಟ್ ಬೇಡವೆನ್ನುವ ಪರಿಸರವಾದಿಗಳಿಗೆ ತೆಂಗಿನ ನಾರಿನ ಪುಡಿಯನ್ನು ಇಟ್ಟಿಗೆಯಾಗಿ ಒತ್ತಿ ಮಾರುತ್ತಾರೆ. ಸಸಿ ಅಂಕಲ್ ಪರಿಸರವಾದಿ. ಮದ್ದೂರಿನಲ್ಲಿ ಅವರಪ್ಪ ಸ್ನಾನದ ಹಂಡೆಗೆ ಉರಿ ಹಾಕುವ ತೆಂಗಿನ ಸಿಪ್ಪೆಯ ಪುಡಿಯನ್ನೇ ಮಗ ಇಲ್ಲಿ ಡಾಲರ್ ಕೊಟ್ಟು ತಂದು, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಉಬ್ಬಿ ಬರುವುದನ್ನು ಹೆಂಡತಿ ಮಕ್ಕಳನ್ನು ಕರೆದು ತೋರಿಸುತ್ತಾನೆ.

ಉಳಿದ ಸರಂಜಾಮು ಹೇಳಿ ಮುಗಿಯುವಂಥದ್ದಲ್ಲ. ದಿನಕ್ಕೆ 14ರಿಂದ 16 ಗಂಟೆ ಉರಿಯುವ ದೀಪ, ಅದನ್ನು ಹೊತ್ತಿಸಿ ಆರಿಸಲು ಟೈಮರ್, ಕಾಂಡ ಗಟ್ಟಿಯಾಗಲೆಂದು ಗಾಳಿ ಬೀಸುವ ಪುಟ್ಟ ಫ್ಯಾನ್, ಟ್ರೇ ಕೆಳಗೆ ಹಾಸುವ ವಿದ್ಯುತ್ ಚಾಪೆ. ಮೆಣಸಿನಕಾಯಿ ಬೀಜ ತಣ್ಣನೆಯ ಮಣ್ಣಿನಲ್ಲಿ ವಾರಗಟ್ಟಲೆ ಸುಮ್ಮನೆ ಮಲಗಿರುತ್ತದೆ. 27 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಣ್ಣು ಬಿಡುತ್ತದೆ. ಆದ್ದರಿಂದ ಮೆಣಸಿಗೆ 27. ಗ್ಯಾಸ್ ಬಿಲ್ ಉಳಿಸಲು ಮನೆಗೆ 19.

‘ರೀ, ಅಂಥದ್ದೊಂದು ಚಾಪೆ ನನಗೂ ತರಿಸಿ’ ಅಂದರಂತೆ ಅವರಾಕೆ, ಸ್ವೆಟರಿನ ಮೇಲೆ ಶಾಲು ಹೊದ್ದುಕೊಂಡು.

‘ಅದು ವಾಟರ್‌ಪ್ರೂಫು ಕಣೆ, ಸಸಿಗಂತಲೇ ಮಾಡಿದ್ದು’ ಎಂಬ ಉತ್ತರ ಬಂತು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಲಿತ ಎಕ್ಸೆಲ್ ವಿದ್ಯೆಯೆಲ್ಲ ಈಗ ಬಿತ್ತನೆಗೆ ಮೀಸಲು. ಇಲ್ಲಿಯ ಬೇಸಾಯ ಮುಂದಿನಿಂದ ಹಿಂದಕ್ಕೆ ನಡೆಯುವಂಥದ್ದು. ಕೊನೆಯ ಇಬ್ಬನಿ ಹೆಪ್ಪುಗಟ್ಟುವ ರಾತ್ರಿ ಯಾವುದೆಂದು ಅಂದಾಜು ಮಾಡಿ ಅಲ್ಲಿಂದ ವಾರಗಳನ್ನು ಹಿಮ್ಮುಖವಾಗಿ ಎಣಿಸಬೇಕು: ಮೆಣಸಿನಕಾಯಿಗೆ ಎಂಟು ಹತ್ತು ವಾರ, ಟೊಮೇಟೊಗೂ ಚೆಂಡು ಹೂವಿಗೂ ಆರೆಂಟು, ಬೇರು ಅಲುಗಿದರೆ ಮುನಿಸಿಕೊಳ್ಳುವ ಹೀರೆ ಹಾಗಲಕ್ಕೆ ಮೂರು ನಾಲ್ಕು. ಬಟಾಣಿ, ಮೂಲಂಗಿ, ಕೊತ್ತಂಬರಿಗೆ ಈ ವೈಭೋಗ ಬೇಕಿಲ್ಲ. ಅವು ಚಳಿಗೆ ಅಂಜುವುದಿಲ್ಲ. ಏಪ್ರಿಲ್‌ನಲ್ಲಿ ನೆಲ ಕೈಗೆ ಬಂದ ಕೂಡಲೇ ನೇರವಾಗಿ ಉದುರಿಸಿದರಾಯಿತು. ಹಾಗಾಗಿಯೇ ಅವುಗಳ ಮೇಲೆ ಸಸಿ ಅಂಕಲ್‌ಗೆ ಅಷ್ಟೇನೂ ಗೌರವವಿಲ್ಲ.

ಅಮೆರಿಕದ ಕೃಷಿ ಇಲಾಖೆ 2023ರ ನವೆಂಬರಿನಲ್ಲಿ ಹೊಸ ಶೀತವಲಯ ನಕ್ಷೆ ಹೊರತಂದು, ಅರ್ಧದಷ್ಟು ದೇಶವನ್ನು ಅರ್ಧ ವಲಯ ಬೆಚ್ಚಗಿನ ಕಡೆಗೆ ಸರಿಸಿದಾಗ ಅವರು ಬಡ್ತಿ ಸಿಕ್ಕಷ್ಟು ಹಿಗ್ಗಿದರು. ‘ನಾವೀಗ ಆರು ಎ!’ ಎಂದು ಸಿಕ್ಕಸಿಕ್ಕವರಿಗೆ ಹೇಳಿದರು. ಆ ನಕ್ಷೆ ಹೇಳುವುದು ಚಳಿಗಾಲದಲ್ಲಿ ತಾಪಮಾನ ಎಷ್ಟು ಕೆಳಗೆ ಇಳಿಯುತ್ತದೆ ಎಂಬುದನ್ನು. ವರ್ಷವರ್ಷವೂ ನೆಲದಲ್ಲೇ ಉಳಿಯುವ ಗಿಡಮರಗಳಿಗೆ ಅದು ಮುಖ್ಯ. ಜೂನ್‌ನಲ್ಲಿ ಬೆಳೆದು ಅಕ್ಟೋಬರಿನಲ್ಲಿ ಸಾಯುವ ಟೊಮೇಟೊಗೆ ಜನವರಿಯ ಚಳಿ ಕಟ್ಟಿಕೊಂಡು ಆಗಬೇಕಾದ್ದೇನು? ಇದನ್ನು ಯಾರೂ ಅವರಿಗೆ ಹೇಳಲಿಲ್ಲ. ಸಂತೋಷದಲ್ಲಿರುವ ಮನುಷ್ಯ.

ಇಷ್ಟೆಲ್ಲ ಲೆಕ್ಕದ ಕೊನೆಗೆ ಈ ಭಾಗದವರು ನಂಬುವುದು ಒಂದೇ ಸೂತ್ರವನ್ನು: ಮೇ ಎರಡನೆಯ ಭಾನುವಾರ ಬರುವ ಮದರ್ಸ್ ಡೇ ಕಳೆಯುವ ತನಕ ನಾಟಿ ಮಾಡಬೇಡ. ಒಂದು ಭಾನುವಾರ ವೀಡಿಯೊ ಕರೆಯಲ್ಲಿ ತಂದೆ ಕೇಳಿದರು:

‘ಏನ್ಲಾ ಮಗ, ಯಾವ ಮಳೇಲಿ ಪೈರು ನೆಡ್ತೀಯ?’

‘ಇಲ್ಲಿ ಮಳೆ ಲೆಕ್ಕ ಇಲ್ಲಪ್ಪ. ಮದರ್ಸ್ ಡೇ ಆದ್ಮೇಲೆ.’

‘ಅದ್ಯಾವ ನಕ್ಷತ್ರಲಾ?’

‘ನಕ್ಷತ್ರ ಅಲ್ಲಪ್ಪ, ಅಮ್ಮಂದಿರ ದಿನ. ಮೇ ತಿಂಗಳು ಎರಡನೇ ವಾರ.’

ಆ ಕಡೆ ಒಂದು ಗಳಿಗೆ ಸದ್ದಿಲ್ಲ, ಬೆರಳು ಮಡಿಸಿ ಎಣಿಸುತ್ತಿದ್ದರು. ‘ಸರಿ ಬುಡು. ಕೃತ್ತಿಕೆ ಮಳೆ ಹೊತ್ಗೇ ಬತ್ತದೆ.’

ಎಕ್ಸೆಲ್ ಹಾಳೆಯಲ್ಲಿ ಅಂದಿನಿಂದ ‘ಕೃತ್ತಿಕೆ’ ಎಂಬ ಹೊಸ ಕಂಬಸಾಲು ಸೇರಿತು.

ಬೀಜದ ಕಥೆ ಬೇರೆಯೇ. ಊರಿನಿಂದ ಬೀಜ ತರುವುದಕ್ಕೆ ಸಸ್ಯಾರೋಗ್ಯ ಪ್ರಮಾಣಪತ್ರ ಬೇಕು; ಅದಿಲ್ಲದೆ ಬಂದ ಪೊಟ್ಟಣ ಓಹೇರ್ ವಿಮಾನ ನಿಲ್ದಾಣದಲ್ಲೇ ಉಳಿಯುತ್ತದೆ. ಸೂಟ್‌ಕೇಸು ಮೂಸಲೆಂದೇ ಅಲ್ಲಿ ಬೀಗಲ್ ನಾಯಿಗಳಿವೆ. ಅತ್ತೆಯವರ ಚೀಲದ ಮುಂದೆ ಅಂಥದ್ದೊಂದು ನಾಯಿ ಬಂದು ಗಂಭೀರವಾಗಿ ಕೂತುಬಿಟ್ಟಿತು. ಉಪ್ಪಿನಕಾಯಿ ಪಾರಾಯಿತು, ಬಸಳೆ ಬೀಜ ಹೋಯಿತು. ಅಂದಿನಿಂದ ಸಸಿ ಅಂಕಲ್ ಭಾರತದ ತರಕಾರಿ ಬೀಜಗಳನ್ನು ಇಲ್ಲಿಯೇ ಮಾರುವವರಿಂದ ತರಿಸುತ್ತಾರೆ. ಚೆಂಡು ಹೂವಿನ ಪೊಟ್ಟಣವನ್ನಂತೂ ‘ನಮ್ಮ ಮೈಸೂರು ದಸರಾದ್ದು’ ಎಂದು ಭಕ್ತಿಯಿಂದ ಬಿಡಿಸುತ್ತಾರೆ. ಅಸಲಿಗೆ ಅದು ಮೆಕ್ಸಿಕೋದ ಹೂವು; ಮೆಣಸಿನಕಾಯಿ, ಟೊಮೇಟೊ ಕೂಡ ಈ ಖಂಡದಿಂದಲೇ ಪೋರ್ಚುಗೀಸರ ಕಾಲದಲ್ಲಿ ಹಡಗು ಹತ್ತಿ ನಮ್ಮ ಕಡೆ ಬಂದವು. ತವರಿಗೆ ಮರಳಿದ ಬೀಜವನ್ನು ಇವರು ವಲಸೆಗಾರನೆಂದು ಮುದ್ದು ಮಾಡುತ್ತಾರೆ.

ಎಲ್ಲಕ್ಕಿಂತ ದೊಡ್ಡ ಗೀಳು ಅವರೆಯದು. ನಾಟಿ ಅವರೆ ಹಗಲು ಗಿಡ್ಡವಾಗುವ ತನಕ ಹೂ ಬಿಡುವ ಜಾತಿಯಲ್ಲ. ಚಿಕಾಗೋದ ಜೂನ್ ತಿಂಗಳಲ್ಲಿ ಹಗಲು 15 ಗಂಟೆ. ಬಳ್ಳಿ ಬೇಲಿ ಹತ್ತಿ, ಡೆಕ್ ಹತ್ತಿ, ಪಕ್ಕದ ಮನೆಯವರ ಪಕ್ಷಿಗೂಡನ್ನೂ ಹತ್ತಿ ಕಾಯುತ್ತದೆ. ಸೆಪ್ಟೆಂಬರ್ ಕೊನೆಗೆ ಹೂ ಬಿಡುತ್ತದೆ, ಅಕ್ಟೋಬರ್ ಮಧ್ಯಕ್ಕೆ ಇಬ್ಬನಿ ಹೆಪ್ಪುಗಟ್ಟಿ ಒಂದೇ ರಾತ್ರಿಯಲ್ಲಿ ಎಲ್ಲವೂ ಕಪ್ಪು. ಇದಕ್ಕೆ ಮದ್ದಿಲ್ಲವೆಂದಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹಗಲಿನ ಉದ್ದಕ್ಕೆ ಕ್ಯಾರೇ ಎನ್ನದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಎಂಬ ತಳಿಗಳನ್ನು ಕೊಟ್ಟು ಎಷ್ಟೋ ಕಾಲವಾಯಿತು. ಸಸಿ ಅಂಕಲ್‌ಗೆ ಇದು ಗೊತ್ತು. ‘ಅದರಲ್ಲಿ ಸೊಗಡಿಲ್ಲ’ ಅನ್ನುತ್ತಾರೆ. ಸೊಗಡಿರುವ ಅವರೆ ಅವರ ತೋಟದಲ್ಲಿ ಈವರೆಗೆ ಯಾರ ಬಾಯಿಗೂ ಬಿದ್ದಿಲ್ಲ. ಹಿತಕಬೇಳೆಗೆ ಇಂಡಿಯನ್ ಸ್ಟೋರಿನ ಫ್ರೀಜರ್ ಇದ್ದೇ ಇದೆ.

ಬಿತ್ತುವ ದಿನ ಪಂಚಾಂಗ ನೋಡಿಯೇ. ಯುಗಾದಿಗೆ ವಸಂತ ಋತು ಬಂತೆಂದು ಪಂಚಾಂಗ ಹೇಳುವಾಗ ಹೊರಗೆ ಸಲಿಕೆಯಿಂದ ಹಿಮ ಎಳೆಯುವ ಸದ್ದು. ಒಂದೊಂದು ಕುಳಿಗೂ ಎರಡು ಬೀಜ ಹಾಕು, ಎರಡೂ ಹುಟ್ಟಿದರೆ ಸೊರಗಿದ್ದನ್ನು ಕತ್ತರಿಯಿಂದ ಕತ್ತರಿಸು ಎಂದು ಪೊಟ್ಟಣದ ಹಿಂದೆ ಬರೆದಿರುತ್ತದೆ. ಎರಡು ಹಾಕುವ ತನಕ ಸಸಿ ಅಂಕಲ್ ಆಜ್ಞಾಪಾಲಕ. ಆಮೇಲೆ ಕತ್ತರಿ ಹಿಡಿದು ಟ್ರೇ ಮುಂದೆ ಕೂರುತ್ತಾರೆ, ಎದ್ದು ಬರುತ್ತಾರೆ. ‘ಹುಟ್ಟಿದ್ದನ್ನ ಕೊಲ್ಲೋದು ಹ್ಯಾಗೆ?’ ಬಿಡಿಸಿ ಬೇರೆ ಬೇರೆ ಲೋಟದಲ್ಲಿ ನೆಡುತ್ತಾರೆ. ನಾಲ್ಕು ಜನರ ಸಂಸಾರ, ನಾಲ್ಕು ಟೊಮೇಟೊ ಗಿಡ ಹಿಡಿಸುವ ಹಿತ್ತಲು. ಬೇಸ್‌ಮೆಂಟಿನಲ್ಲಿ ಎಪ್ಪತ್ತು ಚಿಲ್ಲರೆ ಸಸಿ. ಪಿಂಗ್‌ಪಾಂಗ್ ಟೇಬಲ್ ಮಕ್ಕಳ ಕೈ ತಪ್ಪಿ ಹೋಯಿತು.

ನಡುವೆ ಕಾಯಿಲೆ ಕಸಾಲೆ ಬೇರೆ. ನೀರು ಹೆಚ್ಚಾದರೆ ಬೂಷ್ಟು ಹತ್ತಿ ಕಾಂಡ ಬುಡದಲ್ಲೇ ಕೊಳೆತು ಸಸಿ ಬೆಳಗಾಗುವುದರೊಳಗೆ ಮಲಗಿಬಿಡುತ್ತದೆ. ಚಕ್ಕೆ ಪುಡಿ ಉದುರಿಸಿದರೆ ತಡೆಯುತ್ತದೆಂದು ಯಾರೋ ಹೇಳಿದ್ದರಿಂದ ಆ ತಿಂಗಳು ಮನೆಯಲ್ಲಿ ಪಲಾವ್ ಆಗಲಿಲ್ಲ. ಸಸಿಯನ್ನು ದಿನಾ ಅಂಗೈಯಿಂದ ನವಿರಾಗಿ ಸವರಿದರೆ ಕಾಂಡ ಗಿಡ್ಡಗೆ ಗಟ್ಟಿಯಾಗಿ ಬೆಳೆಯುತ್ತದೆ; ಇದು ಪ್ರಯೋಗದಿಂದ ತಿಳಿದ ಮಾತೇ, ಮುಟ್ಟಿದರೆ ಗಿಡ ಗಾಳಿ ಬೀಸಿತೆಂದು ತಿಳಿಯುತ್ತದೆ. ಆದ್ದರಿಂದ ಅವರು ಕಾಫಿ ಹಿಡಿದು ಕೆಳಗಿಳಿದು ಒಂದೊಂದರ ತಲೆಯನ್ನೂ ಸವರುತ್ತಾರೆ. ಮೆಟ್ಟಿಲ ಮೇಲೆ ನಿಂತು ನೋಡುವ ಹೆಂಡತಿ ಏನನ್ನುತ್ತಾರೆಂದು ಇಲ್ಲಿ ಬರೆಯುವುದು ಸರಿಯಾಗದು.

ಏಪ್ರಿಲ್ ಕೊನೆಗೆ ಸಸಿಗಳಿಗೆ ಹೊರಗಿನ ಅಭ್ಯಾಸ ಮಾಡಿಸುವ ಪರ್ವ. ಮೊದಲ ದಿನ ನೆರಳಿನಲ್ಲಿ ಒಂದು ಗಂಟೆ, ಮರುದಿನ ಎರಡು, ಹೀಗೆ ವಾರ ಹತ್ತು ದಿನ. ಬಿಸಿಲು ಒಮ್ಮೆಲೇ ಬಿದ್ದರೆ ಎಲೆ ಬೆಳ್ಳಗೆ ಸುಟ್ಟುಹೋಗುತ್ತದೆ. ಆಫೀಸಿನ ಮೀಟಿಂಗಿನಲ್ಲಿ ಅವರ ಕ್ಯಾಮೆರಾ ಆರಿದ್ದರೆ ಟ್ರೇ ಒಳಗೆ ಬರುತ್ತಿದೆ ಅಥವಾ ಹೊರಗೆ ಹೋಗುತ್ತಿದೆ ಎಂದು ತಿಳಿಯಬೇಕು.

ಇನ್ನು ಕನ್ನಡ ಕೂಟದ ಯುಗಾದಿ. ಅದು ಚೈತ್ರ ಶುದ್ಧ ಪಾಡ್ಯಕ್ಕಲ್ಲ, ಶಾಲೆಯ ಆಡಿಟೋರಿಯಂ ಬಾಡಿಗೆಗೆ ಸಿಕ್ಕ ಶನಿವಾರಕ್ಕೆ. ಹಾಗಾಗಿ ಮೇ ತಿಂಗಳಲ್ಲಿ. ಒಳಗೆ ಬೇವುಬೆಲ್ಲ, ಹೊರಗೆ ಪಾರ್ಕಿಂಗ್ ಲಾಟಿನಲ್ಲಿ ಸಸಿ ಅಂಕಲ್, ಡಿಕ್ಕಿ ತೆರೆದ ಕಾರು. ಬೇಡ ಅಂದವರ ಕೈಗೂ ಎರಡು ಲೋಟ. ಪುಕ್ಕಟೆ ಸಿಕ್ಕಿತೆಂದು ಹಿಗ್ಗಿದವರಿಗೆ ಷರತ್ತು ಆಮೇಲೆ ತಿಳಿಯುತ್ತದೆ. ಆ ಸಸಿ ಅವರ ಪಾಲಿಗೆ ಮದುವೆ ಮಾಡಿ ಕಳಿಸಿದ ಮಗಳು. ವಾರಕ್ಕೊಮ್ಮೆ ವಾಟ್ಸ್ಆ್ಯಪ್: ‘ಹೇಗಿದೆ? ಬಿಸಿಲು ಬೀಳುತ್ತಾ? ಫೋಟೊ ಕಳಿಸಿ.’ ಗಿಡ ಒಣಗಿಹೋದ ಮನೆಯವರೊಬ್ಬರು ನರ್ಸರಿಯಿಂದ ಹೊಸದನ್ನು ತಂದಿಟ್ಟು ಫೋಟೊ ಕಳಿಸಿದರಂತೆ. ಉತ್ತರ ಬಂತು: ‘ಇದು ನಮ್ಮದಲ್ಲ.’

ಅಮೆರಿಕದ ವಿಲಿಯಂ ಅಲೆಗ್ಸಾಂಡರ್ ಎಂಬಾತ ತನ್ನ ಹಿತ್ತಲಿನ ಖರ್ಚನ್ನೆಲ್ಲ ಕೂಡಿಸಿ, ಒಂದು ಟೊಮೇಟೊಗೆ 64 ಡಾಲರ್ ಬಿತ್ತೆಂದು 2006ರಲ್ಲಿ ಪುಸ್ತಕವನ್ನೇ ಬರೆದ. ಅದನ್ನು ಸಸಿ ಅಂಕಲ್‌ಗೆ ಹುಟ್ಟುಹಬ್ಬಕ್ಕೆ ಕೊಟ್ಟವರು ಅವರಾಕೆಯೇ. ಓದಿ, ‘ಪಾಪ, ಅವನು ಬೀಜದಿಂದ ಶುರು ಮಾಡಬೇಕಿತ್ತು’ ಅಂದರು. ನನಗನ್ನಿಸುವುದು ಇಷ್ಟು: ಇವರಿಗೆ ಬೇಕಾದ್ದು ತರಕಾರಿ ಅಲ್ಲವೇ ಅಲ್ಲ, ಮೊಳಕೆ. ನಾಟಿ ಮುಗಿದ ಮರುವಾರವೇ ಅವರ ಉತ್ಸಾಹ ಇಳಿಯುತ್ತದೆ. ನೀರು ಹಾಯಿಸುವುದು, ಕಳೆ ಕೀಳುವುದು, ಆಗಸ್ಟಿನಲ್ಲಿ ರಾಶಿ ಬೀಳುವ ಹೀರೆಕಾಯಿಗೆ ಗತಿ ಕಾಣಿಸುವುದು, ಎಲ್ಲ ಹೆಂಡತಿಯ ಪಾಲು. ಅಂಕಲ್ ಆ ಹೊತ್ತಿಗೆ ಮುಂದಿನ ಮಾರ್ಚಿಗೆ ದೀಪ ನೋಡುತ್ತಿರುತ್ತಾರೆ.

ಈ ಸಲ ಕೃತ್ತಿಕೆಗೆ ಸರಿಯಾಗಿ ನಾಟಿಯಾಯಿತು. ಮೂರನೆಯ ದಿನ ಮೊಲ ಬಂತು. ಇಲ್ಲಿಯ ಮೊಲಗಳಿಗೆ ಭಯವೆಂಬುದಿಲ್ಲ. ಬೀನ್ಸ್, ಬದನೆ, ಚೆಂಡು ಹೂವಿನ ಕುಡಿ, ಸಾಲಾಗಿ ಮೇಯ್ದು ಹೋಯಿತು. ಉಳಿದ ಟೊಮೇಟೊಗಳು ಗಾಳಿಗೆ ಸೊರಗಿ ಕೋಲು ಹಿಡಿದು ನಿಂತವು. ಜುಲೈ ಕೊನೆಯಲ್ಲಿ ತಂದೆಗೆ ತೋಟ ತೋರಿಸಲೆಂದು ಫೋನ್ ಹಿಡಿದು ಹಿತ್ತಲೆಲ್ಲ ನಡೆದರು. ಮುದುಕರು ಮಡಿಗಳ ಬಗ್ಗೆ ಏನೂ ಅನ್ನಲಿಲ್ಲ. ಮೂಲೆಯಲ್ಲಿ, ಗೊಬ್ಬರದ ಡಬ್ಬದ ಪಕ್ಕ, ಹೋದ ವರ್ಷ ಕೊಳೆತು ಬಿದ್ದ ಹಣ್ಣಿನಿಂದ ತಾನಾಗಿ ಎದ್ದ ಟೊಮೇಟೊ ಗಿಡವೊಂದು ಸೊಂಟದೆತ್ತರ ಹಬ್ಬಿ ಹೂ ತುಂಬಿಕೊಂಡಿತ್ತು.

‘ಅಲ್ಲಿ ನಿಲ್ಸು, ನಿಲ್ಸು! ಇದು ಕಣ್ಲಾ ಪೈರು ಅಂದ್ರೆ. ಇದ್ನ ಯಾರು ನೆಟ್ಟಿದ್ದು, ಸೊಸೇನಾ?’

‘ಅಪ್ಪಾ, ಸಿಗ್ನಲ್ ಸರಿ ಇಲ್ಲ, ನಿಮ್ಮ ಮಾತು ಕೇಳ್ತಿಲ್ಲ’ ಎಂದು ಸಸಿ ಅಂಕಲ್ ಫೋನ್ ಇಟ್ಟರು.