ಸಿಂಬಿಡಿಯಂ: ಬಳಕೆದಾರರ ಕೈಪಿಡಿ (ಬಯಲು ಆವೃತ್ತಿ)

ಗ್ಯಾಂಗ್ಟಕ್ ಪ್ರವಾಸಕ್ಕೆ ಹೋದವರು ಒಂದು ಸಿಂಬಿಡಿಯಂ ಆರ್ಕಿಡ್ ಹೊತ್ತು ತರುವುದು ಕಡ್ಡಾಯ. ತರುವಾಗ ಅದರಲ್ಲಿ ಹೂವಿರುತ್ತದೆ. ಕಣ್ತುಂಬ ನೋಡಿಕೊಳ್ಳಿ, ಮುಂದಿನ ದರ್ಶನದ ದಿನಾಂಕ ಪ್ರಕಟವಾಗಿಲ್ಲ.

ಕುಂಡ ಇಕ್ಕಟ್ಟಾಗಿರಲಿ. ಪಾಪ, ಉಸಿರುಗಟ್ಟೀತು ಎಂದು ದೊಡ್ಡದಕ್ಕೆ ದಾಟಿಸಿದಿರೋ, ಗಿಡ ಬೇರು ಹರಡುತ್ತಾ ಹೂವನ್ನೇ ಮರೆಯುತ್ತದೆ. ಮಣ್ಣು ಬೇಡ. ತೊಗಟೆ ಚೂರು, ಇದ್ದಿಲು ಸಾಕು. ಹೊಯ್ದ ನೀರು ಕೂಡಲೇ ತಳದಿಂದ ಇಳಿದುಹೋಗಬೇಕು.

ಎಲೆ ಕಡುಹಸಿರಾಗಿದ್ದರೆ ನೆಂಟರು ಹೊಗಳುತ್ತಾರೆ. ಗಾಬರಿಯಾಗಿ, ಬಿಸಿಲು ಸಾಲುತ್ತಿಲ್ಲ ಎಂದರ್ಥ. ಅದೇ ನೆಂಟರು "ಯಾಕೋ ಸೊರಗಿದೆಯಲ್ಲ" ಎನ್ನುವಂಥ, ಹಳದಿ ಬೆರೆತ ಹಸಿರು ಸರಿಯಾದದ್ದು.

ಇನ್ನು ಮುಖ್ಯ ಹಂತ. ಇದನ್ನು ನೀವು ಮಾಡುವಂತಿಲ್ಲ. ಮಳೆಗಾಲ ಇಳಿಯುವ ಹೊತ್ತಿಗೆ ಹಗಲು ಹಿತವಾಗಿ ಬೆಚ್ಚಗಿದ್ದು, ರಾತ್ರಿ ಉಷ್ಣಾಂಶ 10ರಿಂದ 15 ಡಿಗ್ರಿಗೆ ಇಳಿದರೆ ಗಡ್ಡೆಯ ಬುಡದಲ್ಲಿ ಹೂದಂಟು ಹುಟ್ಟುತ್ತದೆ. ಹಿಮಾಲಯದ ಮಗ್ಗುಲಲ್ಲಿ ಈ ಚಳಿ ಪುಕ್ಕಟೆ. ಬೆಂಗಳೂರಿನ ಸೆಪ್ಟೆಂಬರ್ ರಾತ್ರಿ 20ರ ಆಸುಪಾಸಿನಲ್ಲೇ ಕೂತಿರುತ್ತದೆ. ಕೆಲವರು ಕುಂಡಕ್ಕೆ ಐಸ್ ತುಂಡು ಸುರಿಯುತ್ತಾರೆ. ಬೇರಿಗೆ ನೆಗಡಿಯಾಗುತ್ತದೆ, ಸೆಪ್ಟೆಂಬರಿಗೆ ಏನೂ ಆಗುವುದಿಲ್ಲ. ಫ್ರಿಜ್ಜಿನ ವಿಚಾರವನ್ನು ಮನೆಯವರ ಮುಂದೆ ಎತ್ತಲೇಬೇಡಿ. ನಿಮ್ಮ ಪಾಲಿನ ಕೆಲಸ ಎರಡೇ: ಆಗಸ್ಟಿನಿಂದ ಸಾರಜನಕ ತಗ್ಗಿಸಿ ಪೊಟ್ಯಾಶ್ ಹೆಚ್ಚಿಸುವುದು, ಸಂಜೆಯಾಯಿತೆಂದು ಗಿಡವನ್ನು ಒಳಗೆ ತರದಿರುವುದು. ಕೊಡಗಿನ ಎತ್ತರದ ತೋಟಗಳಲ್ಲಿ ಮರೆತುಹೋದ ಬಂಧುಗಳಿದ್ದರೆ ಕುಂಡದ ಸಮೇತ ಹೋಗಿ ಸಂಬಂಧ ನವೀಕರಿಸಿ.

ಬುಡದಲ್ಲಿ ಏನೋ ಮೂಡಿತೆ? ಚಪ್ಪಟೆಯಾಗಿದ್ದರೆ ಎಲೆ, ದುಂಡಗಿದ್ದರೆ ಹೂ. ಒತ್ತಿ ನೋಡಿ ಮುರಿದುಕೊಂಡವರಿಗೆ ಕೈಪಿಡಿ ಹೊಣೆಯಲ್ಲ. ನಿಮಗಿಂತ ಮೊದಲು ಬಸವನಹುಳು ನೋಡಿರುತ್ತದೆ, ಟಾರ್ಚ್ ಹಿಡಿದು ಗಸ್ತು ತಿರುಗಿ. ಬದುಕುಳಿದ ಹೂ ಒಂದೆರಡು ತಿಂಗಳು ನಿಲ್ಲುತ್ತದೆ. ಅಷ್ಟರಲ್ಲಿ ಫೋಟೋ ಕಳಿಸಿ ಎಲ್ಲರನ್ನೂ ದಣಿಸಬಹುದು.

ಏನೂ ಆಗದಿದ್ದರೆ ಬದಲಿ ಮಾದರಿಯೊಂದಿದೆ: ಸಿಂಬಿಡಿಯಂ ಅಲೋಯ್‌ಫೋಲಿಯಂ. ಪಶ್ಚಿಮ ಘಟ್ಟದ ಮರಗಳ ಕವಲಲ್ಲಿ ತಾನಾಗಿ ಬೆಳೆದು, ಬೇಸಿಗೆಯಲ್ಲಿ ಕೆಂಗಂದು ಪಟ್ಟೆಯ ಹೂಗೊಂಚಲು ಇಳಿಬಿಡುತ್ತದೆ. ಚಳಿಯ ಹಂಗು ಅದಕ್ಕಿಲ್ಲ. ನರ್ಸರಿಯಲ್ಲಿ ವಿಚಾರಿಸಿ. ಕಾಡಿನ ಮರದಿಂದ ಕಿತ್ತು ತಂದದ್ದು ನಮ್ಮ ವಾರಂಟಿಯ ವ್ಯಾಪ್ತಿಗೆ ಬರುವುದಿಲ್ಲ, ಅರಣ್ಯ ಇಲಾಖೆಯ ವ್ಯಾಪ್ತಿಗೆ ಬರುತ್ತದೆ.